ಬೂದಿಯ ಒದ್ದೆ ಹೊಟ್ಟೆ

ಬೂದಿಯ ಹೊಟ್ಟೆ ಅವತ್ತು ಬೆಳಿಗ್ಗೆಯೂ ಒದ್ದೆಯಾಗಿತ್ತು.

ಬೂದಿ ಎಂದರೆ ನಾಯಿ. ಇಸ್ತ್ರಿಪೆಟ್ಟಿಗೆಯ ಬೂದಿ ಸುರಿಯುವ ಮೂಲೆಯಲ್ಲಿ ಒಂದು ದಿನ ತಾನಾಗಿಯೇ ಬಂದು ಮಲಗಿತ್ತು. ಅದು ಎದ್ದು ನಿಲ್ಲುವವರೆಗೆ ಬೂದಿ ಯಾವುದು, ನಾಯಿ ಯಾವುದು ಎಂದು ಯಾರಿಗೂ ತಿಳಿಯಲಿಲ್ಲವಾದ್ದರಿಂದ ಆ ಹೆಸರು. ಅವತ್ತು ಅದು ಹಿತ್ತಲ ಕಡೆಯಿಂದ, ಎಂದರೆ ಬೆಟ್ಟದ ಕಡೆಯಿಂದ, ಕುಣಿಯುತ್ತ ಬಂದು ಲಾಂಡ್ರಿಯ ಮೇಜಿನ ಪಕ್ಕ ನಿಂತು ಮೈ ಜಾಡಿಸಿತು. ಇಸ್ತ್ರಿಯಾಗಿದ್ದ ಪ್ಯಾಂಟೊಂದರ ಮೇಲೆ ನಾಲ್ಕಾರು ಹನಿ ಬಿದ್ದವು. ಬೈಯಲು ಬಾಯಿ ತೆರೆದ ಲಾಂಡ್ರಿಯಣ್ಣ ಹಾಗೆಯೇ ನಿಂತುಬಿಟ್ಟ. ಒಂದು ಹನಿಯನ್ನು ಬೆರಳಿನಿಂದ ಮುಟ್ಟಿದ, ಮೂಸಿದ. ಸಂಶಯವೇ ಇಲ್ಲ, ನೀರು.

ನೀರನ್ನು ಕಂಡು ಹೀಗೆ ಬೆರಗಾಗುವ ಕಾಲ ಬಂದಿತ್ತು. ಬೇಸಿಗೆ ಇನ್ನೂ ಈಗಷ್ಟೇ ಕಣ್ಣು ಬಿಡುತ್ತಿತ್ತು. ಆದರೆ ಹಿಂದಿನ ಮಳೆಗಾಲ ಕೈಕೊಟ್ಟಿದ್ದರಿಂದ ಕೆರೆ ಆಗಲೇ ತಳ ಕಂಡಿತ್ತು. ಬೀದಿಯ ನಲ್ಲಿ ತಿರುಗಿಸಿದರೆ ಮೊದಲು ಉಸ್ಸೆಂದು ಗಾಳಿ, ಆಮೇಲೆ ಒಂದಿಷ್ಟು ಕೆಂಪು ನೀರು, ಆಮೇಲೆ ಮತ್ತೆ ಉಸ್ಸು. ಎದುರಿನ ಸಲೂನಿನವನು ‘ಗಿರಾಕಿಗಳು ತಲೆ ನೆನೆಸಿಕೊಂಡು ಬರತಕ್ಕದ್ದು’ ಎಂದು ಬೋರ್ಡು ತಗುಲಿಹಾಕಿದ್ದ. ಪಕ್ಕದ ಬೇಕರಿ ಅಕ್ಕ ಬ್ರೆಡ್ಡು ಮಾಡುವುದನ್ನು ಬಿಟ್ಟು ಹಳೆಯ ರಸ್ಕನ್ನೇ ಮಾರುತ್ತಿದ್ದಳು. ಅದನ್ನು ತಿಂದು ಗಂಟಲು ಹಿಡಿದವರು ಲೋಟ ನೀರು ಕೇಳಿದರೆ ಕಿವುಡಿಯಾಗಿಬಿಡುತ್ತಿದ್ದಳು.

ಇನ್ನು ನೀರಿಲ್ಲದ ಊರಿನಲ್ಲಿ ಲಾಂಡ್ರಿ ಇಟ್ಟವನ ಪಾಡು ಕೇಳಬೇಕೆ? ಜನ ತಮ್ಮ ಬಟ್ಟೆಗಳನ್ನು ಕೊಳೆಯಾಗಿದ್ದಂತೆಯೇ ವಾಪಸು ಒಯ್ದು, ಒಳಗಿನದನ್ನು ಹೊರಗೆ ಮಾಡಿ ತೊಟ್ಟುಕೊಳ್ಳುತ್ತಿದ್ದರು. ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಳ್ಳೋಣವೆಂದರೆ ಲಾಂಡ್ರಿಯಣ್ಣನ ಹತ್ತಿರ ಬಟ್ಟೆಯಿತ್ತು, ತಣ್ಣೀರಿರಲಿಲ್ಲ. ಉಳಿದಿದ್ದ ಒಂದೇ ದೊಡ್ಡ ಗಿರಾಕಿ ಎಂದರೆ ಬೆಟ್ಟದ ಬುಡದ ಆಸ್ಪತ್ರೆ. ಅದರ ಬೆಡ್‌ಶೀಟುಗಳೆಲ್ಲ ಅಂಗಡಿಯಲ್ಲಿ ದೊಡ್ಡ ಗಂಟಾಗಿ ಕೂತಿದ್ದವು. ಹಿಂದಿನ ದಿನ ಸಂಜೆ ಆಸ್ಪತ್ರೆಯ ಸ್ಟೋರ್‌ಕೀಪರ್ ಬಂದು ಆ ಗಂಟನ್ನು ಕಾಲಿನಿಂದ ತಿವಿದು ಹೇಳಿದ್ದ:

“ನೋಡಪ್ಪಾ, ನಾಳೆ ದೀಪ ಹಚ್ಚೋ ಹೊತ್ತಿಗೆ ಇವೆಲ್ಲ ಬೆಳ್ಳಗಾಗಿ ನನ್ನ ಬಾಗಿಲಿಗೆ ಬರಬೇಕು. ಇಲ್ಲಾಂದ್ರೆ ಆ ಕಡೆ ಬೀದಿಯ ಮೆಷಿನ್ ಲಾಂಡ್ರಿಯವನು ವ್ಯಾನ್ ಇಟ್ಕೊಂಡು ತುದಿಗಾಲಲ್ಲಿ ನಿಂತಿದಾನೆ.”

“ಸಾರ್, ನೀರು...”

“ನೀರಿನ ಕತೆ ನನ್ನ ಹತ್ರ ಬೇಡ. ಅವನಿಗೆ ಸ್ವಂತ ಬೋರ್‌ವೆಲ್ ಇದೆ. ಆಗುತ್ತೋ ಇಲ್ವೋ, ಅಷ್ಟು ಹೇಳು.”

“ಆಗುತ್ತೆ ಸಾರ್,” ಅಂದಿದ್ದ ಲಾಂಡ್ರಿಯಣ್ಣ.

ಅವನ ಬಾಯಿಗೆ ‘ಇಲ್ಲ’ ಎಂಬ ಮಾತೇ ಬರುತ್ತಿರಲಿಲ್ಲ. ಆ ಒಂದು ಕೊರತೆಯಿಂದಾಗಿ ಅವನ ಕೊಡೆ ಯಾವಾಗಲೂ ಬೇರೆಯವರ ಮನೆಯಲ್ಲಿರುತ್ತಿತ್ತು, ಅವನ ಏಣಿ ಯಾರ ಮನೆಯಲ್ಲಿದೆಯೆಂದು ಅವನಿಗೇ ಮರೆತುಹೋಗಿತ್ತು. ನೀರಿಗೆ ಬರ ಬಂದ ಹೊಸದರಲ್ಲಿ ಹೆಂಡತಿ ಕತ್ತಲಲ್ಲೇ ಎದ್ದು, ನಲ್ಲಿ ಮುಂದೆ ಜಗಳವಾಡಿ, ಸೊಂಟ ನೋಯಿಸಿಕೊಂಡು ತಂದ ಒಂದು ಕೊಡ ನೀರನ್ನು, ಅವಳು ಸೆರಗಿನಲ್ಲಿ ಮುಖ ಒರೆಸಿಕೊಳ್ಳುವಷ್ಟರಲ್ಲಿ, ಸಲೂನಿನವನು ಕೇಳಿದನೆಂದು ಎತ್ತಿ ಕೊಟ್ಟುಬಿಟ್ಟಿದ್ದ. ಅವತ್ತು ಅವಳು ಕೂಗಾಡಲಿಲ್ಲ. “ನಿಮ್ಮ ಕಣ್ಣಿಗೆ ಬಿದ್ದ ನೀರು ಈ ಮನೇಲಿ ನಿಲ್ಲಲ್ಲ” ಎಂದಷ್ಟೇ ಹೇಳಿದಳು.

ಅಲ್ಲಿಂದ ಮುಂದೆ ಮನೆಯಲ್ಲಿ ನೀರಿನ ಬಿಗಿ ಶುರುವಾಯಿತು. ಸ್ನಾನವೆಂದರೆ ಒದ್ದೆ ಟವೆಲು. ಟೀ ಎಂದರೆ ಅರ್ಧ ಲೋಟ. “ಬೇರೆಯವರ ಮನೇಲೂ ಬರಗಾಲವೇ, ಆದ್ರೂ ಲೋಟದ ತುಂಬ ಕುಡೀತಾರೆ” ಎಂದು ಅವನು ಗೊಣಗಿದರೆ ಅವಳು ಕೇಳದವಳಂತೆ ಪಾತ್ರೆ ಒರೆಸುತ್ತಿದ್ದಳು. ಆಸ್ಪತ್ರೆಯ ಗಂಟನ್ನಾದರೂ ಹಿಂದಿನ ಕೋಣೆಗೆ ಸಾಗಿಸೋಣವೆಂದರೆ, “ಅಲ್ಲಿ ಚೇಳಿದೆ ರೀ, ನಾನೇ ಕಣ್ಣಾರೆ ನೋಡಿದೆ” ಎಂದು ತಡೆದಿದ್ದಳು. ಚೇಳೆಂದರೆ ಲಾಂಡ್ರಿಯಣ್ಣನ ಜೀವ ಬಾಯಿಗೆ ಬರುತ್ತಿತ್ತು. ಆ ಬಾಗಿಲ ಕಡೆ ತಲೆಯಿಟ್ಟು ಮಲಗುವುದನ್ನೂ ಬಿಟ್ಟಿದ್ದ.

ಈಗ ಪ್ಯಾಂಟಿನ ಮೇಲಿನ ಹನಿಗಳನ್ನು ನೋಡುತ್ತ ನಿಂತವನ ತಲೆಯಲ್ಲಿ ಮಿಂಚು ಹೊಡೆಯಿತು. ಬೂದಿ ದಿನವೂ ಬೆಳಿಗ್ಗೆ ಬರುವುದು ಬೆಟ್ಟದ ಕಡೆಯಿಂದ. ದಿನವೂ ಹೊಟ್ಟೆ ಒದ್ದೆ. ಅಂದಮೇಲೆ ಬೆಟ್ಟದಲ್ಲಿ ಎಲ್ಲೋ ಯಾರೂ ಕಾಣದ ನೀರಿದೆ! ಬೆಡ್‌ಶೀಟುಗಳನ್ನು ಅಲ್ಲೇ ಒಗೆದು, ಬಂಡೆಯ ಮೇಲೆ ಒಣಗಿಸಿ, ಸಂಜೆಯೊಳಗೆ ತಂದುಬಿಟ್ಟರೆ ಅಂಗಡಿ ಉಳಿಯಿತು. ಹೆಂಡತಿ ಆಗಲೇ ಕೊಡ ಹಿಡಿದು ನಲ್ಲಿಗೆ ಹೋಗಿದ್ದಳು. ಹೇಳದೆ ಹೋಗಿ, ಬೆಳ್ಳನೆಯ ಗಂಟು ತಂದು ಅವಳ ಮುಂದೆ ಇಳಿಸಬೇಕು. ತನಗೂ ಒಂದು ಗುಟ್ಟು ಇಟ್ಟುಕೊಳ್ಳಲು ಬರುತ್ತದೆಂದು ಅವಳಿಗೆ ಗೊತ್ತಾಗಲಿ. ಅವನು ಗಂಟನ್ನು ಬೆನ್ನಿಗೇರಿಸಿ, ಸೋಪಿನ ಬಿಲ್ಲೆ ಕೈಯಲ್ಲಿ ಹಿಡಿದು, ಕುಡಿಯಲು ಒಂದು ಬಾಟಲಿ ನೀರು ಸಿಕ್ಕಿಸಿಕೊಂಡು, ಬೂದಿಯ ಕೊರಳಿಗೆ ಹಗ್ಗ ಕಟ್ಟಿ ಹೊರಟ.

ಗುಟ್ಟು ನಾಲ್ಕು ಮನೆ ದಾಟಲಿಲ್ಲ.

ಪಿಳ್ಳ್‌ ಎಂದು ಸೀಟಿ ಕೇಳಿತು. ಡ್ರಿಲ್ ಮೇಷ್ಟ್ರು! ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಕೊರಳಿನ ಸೀಟಿ ಇಳಿದಿರಲಿಲ್ಲ. ಶಾಲೆಯ ಮಕ್ಕಳ ಬದಲು ಈಗ ಬೀದಿಯನ್ನು ಸಾಲಿನಲ್ಲಿ ನಿಲ್ಲಿಸುತ್ತಿದ್ದರು.

“ನಿಲ್ಲು! ಬೆಳಬೆಳಿಗ್ಗೆ ಗಂಟು ಕಟ್ಕೊಂಡು ಎಲ್ಲಿಗೆ? ಮನೇಲಿ ಜಗಳವೇನೋ?”

“ಅಯ್ಯೋ, ಎಂಥ ಜಗಳ ಮೇಷ್ಟ್ರೇ. ಸುಮ್ನೆ, ಬೆಟ್ಟಕ್ಕೆ. ನಾಯೀನ ಅಡ್ಡಾಡಿಸೋಣ ಅಂತ.”

“ನಾಯಿ ಅಡ್ಡಾಡ್ಸೋನಿಗೆ ಸೋಪು ಯಾಕೆ?”

ಬೇರೆ ಯಾರಾದರೂ ಆಗಿದ್ದರೆ ನೂರು ಸುಳ್ಳು ಹೇಳುತ್ತಿದ್ದರು. ಲಾಂಡ್ರಿಯಣ್ಣ ಸೋಪನ್ನು ನೋಡಿದ, ಮೇಷ್ಟ್ರನ್ನು ನೋಡಿದ, ಆಮೇಲೆ ಬೂದಿಯ ಹೊಟ್ಟೆಯನ್ನು ನೋಡಿದ. ಮೇಷ್ಟ್ರ ಕಣ್ಣೂ ಅಲ್ಲಿಗೇ ಹೋಯಿತು. ಅವರು ಕುಕ್ಕರುಗಾಲಿನಲ್ಲಿ ಕೂತು, ಡಾಕ್ಟರ ಹಾಗೆ ನಾಯಿಯ ಮೈಮೇಲೆಲ್ಲ ಕೈಯಾಡಿಸಿದರು.

“ಬೆನ್ನು ಒಣಗಿದೆ. ಹೊಟ್ಟೆ ಮಾತ್ರ ಒದ್ದೆ. ಅಂದ್ರೆ ಇದು ಈಜಿಲ್ಲ, ಮಲಗಿದೆ. ಆಳ ಇಲ್ಲದ ನೀರು.”

“ಕಾಲಿಗೆ ಕೆಸರಿಲ್ಲ ನೋಡಿ ಮೇಷ್ಟ್ರೇ,” ಎಂದಿತು ಹಿಂದಿನಿಂದ ಒಂದು ದನಿ. ಬೇಕರಿ ಅಕ್ಕ ಆಗಲೇ ಎರಡು ಕೊಡ ಹಿಡಿದು ನಿಂತಿದ್ದಳು. “ಕೆಸರಿಲ್ಲ ಅಂದ್ರೆ ಕಲ್ಲಿನ ಮೇಲಿನ ನೀರು. ಶುದ್ಧವಾದದ್ದು.”

“ಇಷ್ಟು ದಿನ ಬರ್ತಾ ಇದೆ ಅಂದ್ರೆ ಬತ್ತಿಲ್ಲ. ಬೇರೆ ಯಾರಿಗೂ ಇನ್ನೂ ಗೊತ್ತಾಗಿಲ್ಲ,” ಎಂದ ಸಲೂನಿನವನು, ಕತ್ತಿ ಹಿಡಿದ ಕೈಯಲ್ಲೇ ರಸ್ತೆಗೆ ಬಂದು. ಒಳಗೆ ಕುರ್ಚಿಯಲ್ಲಿ ಒಂದು ಕೆನ್ನೆ ಬೋಳಿಸಿಕೊಂಡ ಗಿರಾಕಿಯೊಬ್ಬ ಇನ್ನೊಂದು ಕೆನ್ನೆಯ ನೊರೆಯೊಂದಿಗೆ ಕಾಯುತ್ತಿದ್ದ. “ಸ್ವಲ್ಪ ಕೂತಿರಿ ಸಾರ್, ಈಗ ಬಂದೆ,” ಎಂದು ಅವನಿಗೆ ಕೂಗಿ ಹೇಳಿ ಸಲೂನಿನವನು ಎರಡು ಬಕೆಟ್ ಎತ್ತಿಕೊಂಡ.

ಆ ಮೂವರೂ ಹೇಳಿದ ಮಾತಿನಲ್ಲಿ ಒಂದೂ ತಪ್ಪಿರಲಿಲ್ಲ ಎಂಬುದೇ ಈ ಕತೆಯ ಸಂಕಟ.

“ನಾವೂ ಬರಬಹುದಲ್ಲ?” ಎಂದು ಕೇಳಿದರು ಮೇಷ್ಟ್ರು.

“ಬನ್ನಿ, ಬನ್ನಿ,” ಎಂದ ಲಾಂಡ್ರಿಯಣ್ಣ.

ಬೀದಿ ಮುಗಿದು ಬೆಟ್ಟದ ದಾರಿ ಶುರುವಾಗುವಲ್ಲಿ ಬೂದಿ ಮೊದಲ ಸಲ ನಿಂತಿತು. ಹಿಂದಿರುಗಿ ಲಾಂಡ್ರಿಯ ಹಿತ್ತಲ ಕಡೆ ನೋಡಿ ಬಾಲ ಅಲ್ಲಾಡಿಸಿತು. ಆ ಕಡೆಗೇ ಹಗ್ಗ ಎಳೆಯತೊಡಗಿತು.

“ಮನೆಗೆ ಹೋಗ್ಬೇಕು ಅಂತಿದೆ,” ಎಂದ ಲಾಂಡ್ರಿಯಣ್ಣ.

“ನಾಟಕ!” ಎಂದರು ಮೇಷ್ಟ್ರು. “ಗುಂಪು ನೋಡಿ ಜಾಗ ತೋರ್ಸೋಕೆ ಇಷ್ಟ ಇಲ್ಲ ಅದಕ್ಕೆ. ಶಾಲೇಲಿ ಇಂಥವರನ್ನ ಎಷ್ಟು ನೋಡಿಲ್ಲ ನಾನು. ಯಾವ ಕಡೆ ಎಳೆಯುತ್ತೋ ಅದಕ್ಕೆ ಉಲ್ಟಾ ಹೋಗಬೇಕು. ಎಡ, ಬಲ, ಎಡ!”

ಹೀಗೆ ಬೂದಿಯನ್ನು ಅದು ಹೋಗಬೇಕೆಂದಿದ್ದ ದಿಕ್ಕಿಗೆ ಬೆನ್ನು ಮಾಡಿಸಿ, ಅದರ ಹಿಂದೆ ನಾಲ್ಕು ಜನ ಬೆಟ್ಟ ಹತ್ತಿದರು.

ಬೆಟ್ಟವೋ ಬೆಟ್ಟದ ಅಸ್ಥಿಪಂಜರವೋ! ಹುಲ್ಲು ಹಳದಿಯೂ ಉಳಿಯದೆ ಬಿಳಿಚಿಕೊಂಡಿತ್ತು. ಮರಗಳು ಎಲೆಯನ್ನೆಲ್ಲ ಕೆಳಗೆ ಸುರಿದು ನೆರಳಿಗೂ ಕೈ ಖಾಲಿ ಮಾಡಿಕೊಂಡು ನಿಂತಿದ್ದವು. ಒಂದು ಕಾಲದಲ್ಲಿ ತೊರೆ ಹರಿದಿದ್ದ ಜಾಗದಲ್ಲಿ ಉರುಟು ಕಲ್ಲುಗಳು ಬಿಸಿಲಿಗೆ ಕಾದು, ಚಪ್ಪಲಿಯೊಳಗಿನ ಕಾಲನ್ನೂ ಹುಡುಕಿ ಸುಡುತ್ತಿದ್ದವು. ಬೂದಿ ಎಲ್ಲಿ ನಿಂತರೂ ಇವರು ನಿಲ್ಲುವರು; ಕೊಡ, ಬಕೆಟುಗಳು ಸದ್ದಿಲ್ಲದೆ ಮುಂದೆ ಬರುವವು. ಬೂದಿ ಹಲ್ಲಿಯೊಂದನ್ನು ದಿಟ್ಟಿಸಿ ನೋಡಿ ಮುಂದೆ ಹೋಗುವುದು. ಒಂದು ಕಡೆ ಅದು ಬಂಡೆಯನ್ನು ಸುತ್ತುಹಾಕಿ ಬಹಳ ಹೊತ್ತು ಮೂಸಿತು. ಅಕ್ಕ ಉಸಿರು ಬಿಗಿಹಿಡಿದಳು. ಬೂದಿ ಕಾಲೆತ್ತಿತು.

“ಬಂತಪ್ಪ ನೀರು,” ಎಂದ ಸಲೂನಿನವನು ಕಹಿಯಾಗಿ.

ಇಡೀ ಬೆಟ್ಟದಲ್ಲಿ ಅವತ್ತು ಅವರು ಕಂಡ ನೀರು ಅದೊಂದೇ.

ಅಷ್ಟರಲ್ಲಿ ಲಾಂಡ್ರಿಯಣ್ಣನ ಬಾಟಲಿ ಕೈಯಿಂದ ಕೈಗೆ ಹೋಗಿ, ಅವನ ಕೈಗೆ ಮರಳಿದಾಗ ಮುಚ್ಚಳ ಮಾತ್ರ ಒದ್ದೆಯಿತ್ತು. ಬಿಸಿಲು ನೆತ್ತಿಗೇರಿತು. ಅಕ್ಕ ಸೆರಗು ಬೀಸಿಕೊಳ್ಳುತ್ತ ನಿಂತು, ಗಂಟಿನ ಕಡೆ ನೋಡಿದಳು.

“ತಲೆ ಸಿಡೀತಿದೆ ಕಣಪ್ಪಾ. ಒಂದೇ ಒಂದು ಬೆಡ್‌ಶೀಟ್ ಕೊಡು, ತಲೆ ಮೇಲೆ ಹೊದ್ಕೋತೀನಿ. ಹೇಗೂ ಒಗೆಯೋದೇ ಅಲ್ವಾ?”

ಹೇಗೂ ಒಗೆಯುವುದೇ. ಲಾಂಡ್ರಿಯಣ್ಣ ಗಂಟು ಸಡಿಲಿಸಿ ಒಂದನ್ನು ಕೊಟ್ಟ. ದಾರಿ ತಪ್ಪದಿರಲು ಗುರುತು ಬೇಕೆಂದು ಮೇಷ್ಟ್ರು ಒಂದನ್ನು ಇಸಿದುಕೊಂಡು ಮುಳ್ಳಿನ ಗಿಡಕ್ಕೆ ಬಾವುಟದಂತೆ ಕಟ್ಟಿದರು. ಅದು ಅಲ್ಲೇ ಚಿಂದಿಯಾಯಿತು. ಸಲೂನಿನವನು ಬೆವರು ಒರೆಸಿಕೊಳ್ಳಲು ಒಂದು ತುದಿ ಕೇಳಿ, ಆಮೇಲೆ ಪೂರ್ತಿಯಾಗಿ ಸೊಂಟಕ್ಕೆ ಸುತ್ತಿಕೊಂಡ. ಮತ್ತೆ ಸ್ವಲ್ಪ ಮೇಲೆ ಮೇಷ್ಟ್ರು “ಎಡ, ಬಲ” ಎನ್ನುತ್ತ ಎಡಕ್ಕೂ ಬಲಕ್ಕೂ ನೆಲವಿಲ್ಲದ ಕಡೆ ಕಾಲಿಟ್ಟು ಕೊರಕಲಿಗೆ ಜಾರಿದರು. ಕೆಳಗಿನಿಂದ ಸೀಟಿ ಕೇಳುತ್ತಿದ್ದುದರಿಂದ ಜೀವವಿದೆ ಎಂದು ಗೊತ್ತಾಯಿತು. ಆಸ್ಪತ್ರೆಯ ಬೆಡ್‌ಶೀಟುಗಳನ್ನು ಒಂದಕ್ಕೊಂದು ಗಂಟು ಹಾಕಿ, ಕೆಳಗೆ ಬಿಟ್ಟು, ಅವರನ್ನು ಕೆಮ್ಮಣ್ಣಿನ ಸಮೇತ ಮೇಲಕ್ಕೆ ಎಳೆದರು.

“ಹೇಗೂ ಒಗೆಯೋದೇ ಅಲ್ವಾ,” ಎಂದರು ಮೇಷ್ಟ್ರು, ಒಂದರ ಅಂಚಿನಲ್ಲಿ ಮೂಗು ಒರೆಸಿಕೊಳ್ಳುತ್ತ.

“ಹೌದು ಮೇಷ್ಟ್ರೇ,” ಎಂದ ಲಾಂಡ್ರಿಯಣ್ಣ. ಅವನಿಗೆ ಅಳು ಬರುವಂತಾಗಿತ್ತು.

ಕೊನೆಗೆ ಬೆಟ್ಟದ ನೆತ್ತಿ ಬಂತು. ಅಲ್ಲೊಂದು ಅಗಲವಾದ ಬಂಡೆ. ಬಂಡೆಯ ನಡುವೆ ನೀರು ನಿಲ್ಲುವಂಥ ತಗ್ಗು. ಎಲ್ಲರೂ ಓಡಿದರು. ಅಕ್ಕ ಕೊಡದೊಂದಿಗೆ ಬಗ್ಗಿದಳು. ತಗ್ಗಿನಲ್ಲಿ ಸೀಳುಬಿಟ್ಟ ಒಣ ಮಣ್ಣು, ಅದರ ಮೇಲೆ ಎಂದೋ ಸತ್ತ ಒಂದು ಏಡಿಯ ಚಿಪ್ಪು.

ನಾಲ್ವರೂ ತಿರುಗಿ ಬೂದಿಯನ್ನು ನೋಡಿದರು. ಬೂದಿ ನಾಲಿಗೆ ನೇತಾಡಿಸಿಕೊಂಡು ಬಂಡೆಯ ಅಂಚಿಗೆ ಹೋಗಿ, ಕೆಳಗೆ ಕಾಣುತ್ತಿದ್ದ ಊರಿನ ಕಡೆ ಮುಖಮಾಡಿ ಬೊಗಳತೊಡಗಿತು. ಅದರ ಹೊಟ್ಟೆ ಒಣಗಿ ಗರಿಗರಿಯಾಗಿತ್ತು.

ಲಾಂಡ್ರಿಯಣ್ಣ ಆ ಕಡೆ ನೋಡಿದ. ಬೀದಿಯ ತುದಿಯಲ್ಲಿ ಅವನದೇ ಮನೆಯ ಮಾಡು, ಹಿತ್ತಲು. ಹಿತ್ತಲಲ್ಲಿ ಇರುವೆಯಷ್ಟು ಚಿಕ್ಕದಾಗಿ ಅವನ ಹೆಂಡತಿ. ಎರಡೂ ಕೈ ಮೇಲೆತ್ತಿ ಬೀಸುತ್ತಿದ್ದಳು. ಬಾ, ಬಾ ಎನ್ನುವ ಹಾಗೆ ಕಾಣುತ್ತಿತ್ತು.

“ನಿನ್ನ ಹೆಂಡ್ತಿ ಅಲ್ವಾ? ಕೋಪದಲ್ಲಿದಾಳೆ,” ಎಂದ ಸಲೂನಿನವನು.

ಲಾಂಡ್ರಿಯಣ್ಣ ಚಂಗನೆ ಬಂಡೆಯ ಹಿಂದೆ ಅಡಗಿ ಕೂತ. ಹೆಂಡತಿಗೆ ಹೇಳದೆ ಬಂದದ್ದು, ಒಗೆಯಲು ತಂದದ್ದನ್ನು ಇನ್ನಷ್ಟು ಕೊಳೆ ಮಾಡಿದ್ದು, ಸಂಜೆ ಸ್ಟೋರ್‌ಕೀಪರನ ಮುಖ, ಎಲ್ಲವೂ ಒಟ್ಟಿಗೆ ನೆನಪಾಯಿತು. ಮದುವೆಯಾದ ವರ್ಷ ಇಬ್ಬರೂ ಸೇರಿ ಸುಣ್ಣ ಬಳಿದು ತೆರೆದ ಅಂಗಡಿ ಅದು. ಅದರ ಬಾಗಿಲು ಮುಚ್ಚಿದ ಮೇಲೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದೆಂದು ಅವನಿಗೆ ತಿಳಿಯಲಿಲ್ಲ. ಅತ್ತುಬಿಡೋಣವೆಂದು ನೋಡಿದ, ಮೈಯಲ್ಲಿ ಅದಕ್ಕೆ ಬೇಕಾದಷ್ಟು ನೀರೂ ಉಳಿದಿರಲಿಲ್ಲ.

ಇಳಿಯುವಾಗ ಆಗಬಾರದ್ದೆಲ್ಲ ಬೇಗ ಬೇಗ ಆಯಿತು. ಮೇಷ್ಟ್ರು “ಸಾಲಾಗಿ ಇಳೀರಿ” ಎಂದು ಸೀಟಿ ಬಾಯಿಗಿಟ್ಟುಕೊಂಡವರು ಊದಲು ಉಸಿರು ಸಾಲದೆ, ಕಣ್ಣು ಮೇಲಕ್ಕೆ ಮಾಡಿ, ಸಲೂನಿನವನ ತೋಳಿಗೆ ಬಿದ್ದರು. ಅವರನ್ನು ನೋಡಲು ಓಡಿದ ಅಕ್ಕ ಕಾಲು ಉಳುಕಿಸಿಕೊಂಡು ಕುಸಿದಳು. ಮೇಷ್ಟ್ರು ಒಣಕಡ್ಡಿ, ಅವರನ್ನು ಸಲೂನಿನವನ ಬೆನ್ನಿಗೆ ಮಗುವನ್ನು ಕಟ್ಟಿದಂತೆ ಎರಡು ಬೆಡ್‌ಶೀಟುಗಳಿಂದ ಬಿಗಿದದ್ದಾಯಿತು. ಅಕ್ಕ ಹಾಗಲ್ಲ. ಬೇಕರಿಯ ಬೆಣ್ಣೆಯಲ್ಲಿ ಬೆಳೆದ ಮೈ.

“ನನ್ನನ್ನ ಇಲ್ಲೇ ಬಿಟ್ಟು ಹೋಗ್ತೀಯೇನಪ್ಪಾ?” ಎಂದು ಅವಳು ಅಳುಮುಖ ಮಾಡಿದಳು.

ಬಿಡುವುದು ಹೇಗೆ? ಉಳಿದ ಬೆಡ್‌ಶೀಟುಗಳನ್ನೆಲ್ಲ ಒಂದರ ಮೇಲೊಂದು ಹಾಸಿ, ಅಕ್ಕನನ್ನು ಕೊಡಗಳ ಸಮೇತ ಕೂರಿಸಿ, ಮುಂದಿನ ತುದಿ ಹಿಡಿದು ಲಾಂಡ್ರಿಯಣ್ಣ ಎಳೆದ. ಬಿಸಿಲಿಗೆ ಒಣಗಿದ ಹುಲ್ಲಿನ ಮೇಲೆ ಬಟ್ಟೆ ಎಷ್ಟು ನಯವಾಗಿ ಜಾರುತ್ತದೆಂದು ಅಷ್ಟು ವರ್ಷ ಬಟ್ಟೆಯ ಕಸುಬು ಮಾಡಿದವನಿಗೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಅವನು ಅಕ್ಕನನ್ನು ಎಳೆದ. ಆಮೇಲೆ ಅಕ್ಕ ಅವನನ್ನು ಎಳೆದಳು. ಆಮೇಲೆ ಅಕ್ಕ ಒಬ್ಬಳೇ, ಎರಡು ಕೊಡಗಳನ್ನು ಎದೆಗವಚಿಕೊಂಡು, “ಅಯ್ಯಯ್ಯೋ” ಎಂದು ಇಡೀ ಕಣಿವೆಗೆ ಕೇಳುವಂತೆ ಕೂಗುತ್ತ ಮುಂದೆ ಹೋದಳು; ಬೂದಿ ಆನಂದದಿಂದ ಬೊಗಳುತ್ತ ಅವಳ ಪಕ್ಕದಲ್ಲಿ, ಲಾಂಡ್ರಿಯಣ್ಣ ಕೈ ಚಾಚಿಕೊಂಡು ಹಿಂದೆ. ಮುಳ್ಳು, ಕಲ್ಲು, ಸಗಣಿ, ಕೆಮ್ಮಣ್ಣು, ಬೆಡ್‌ಶೀಟುಗಳು ಯಾವುದನ್ನೂ ಬಿಡದೆ ಬಳಿದುಕೊಂಡು ಬಂದವು.

ಅಕ್ಕ ಹೋಗಿ ನಿಂತದ್ದು ಬೆಟ್ಟದ ಬುಡದ ಆಸ್ಪತ್ರೆಯ ಗೇಟಿನ ಮುಂದೆ. ಆಗ ಸರಿಯಾಗಿ ದೀಪ ಹಚ್ಚುವ ಹೊತ್ತು. ಗೇಟಿನ ದೀಪದ ಕೆಳಗೆ ಬೀಗದ ಕೈ ಗೊಂಚಲು ತಿರುಗಿಸುತ್ತ ಸ್ಟೋರ್‌ಕೀಪರ್ ನಿಂತಿದ್ದ. ಹಿಂದಿನಿಂದ ಬೆನ್ನ ಮೇಲೆ ಮೇಷ್ಟ್ರನ್ನು ಹೊತ್ತ ಸಲೂನಿನವನೂ ಏದುಸಿರು ಬಿಡುತ್ತ ಬಂದ.

ಸ್ಟೋರ್‌ಕೀಪರ್ ಅಕ್ಕನ ಕೆಳಗಿದ್ದುದನ್ನು ನೋಡಿದ. ಮೇಷ್ಟ್ರ ಬೆನ್ನಿಗೆ ಸುತ್ತಿದ್ದುದನ್ನು ನೋಡಿದ. ಬಗ್ಗಿ, ಒಂದು ಮೂಲೆ ಎತ್ತಿ, ಆಸ್ಪತ್ರೆಯ ಮುದ್ರೆಯನ್ನು ಓದಿದ.

“ಸಾರ್,” ಎಂದ ಲಾಂಡ್ರಿಯಣ್ಣ. ಏನಾದರೂ ಹೇಳಬೇಕಿತ್ತು. “ಹೇಳಿದ ಹೊತ್ತಿಗೆ ತಂದಿದೀನಿ.”

ಅಷ್ಟರಲ್ಲಿ ಒಳಗಿನಿಂದ ನರ್ಸಮ್ಮ ಓಡಿಬಂದು ಇಬ್ಬರನ್ನೂ ನೋಡಿ ತಲೆಯ ಮೇಲೆ ಕೈ ಹೊತ್ತಳು. “ಇವರನ್ನ ಯಾವುದರ ಮೇಲೆ ಮಲಗಿಸಲಿ? ಆಸ್ಪತ್ರೇಲಿ ಒಂದೇ ಒಂದು ಬೆಡ್‌ಶೀಟ್ ಇಲ್ಲ!”

ಸ್ಟೋರ್‌ಕೀಪರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವನು ರಸ್ತೆಯ ಆ ಬದಿಗೆ ಕೈ ಮಾಡಿದ. ಅಲ್ಲಿ ಕಾದು ನಿಂತಿದ್ದ ಮೆಷಿನ್ ಲಾಂಡ್ರಿಯ ವ್ಯಾನು ಮೆಲ್ಲಗೆ ಮುಂದೆ ಬಂತು. ಅಕ್ಕನನ್ನು ಇಳಿಸಿ, ಮೇಷ್ಟ್ರನ್ನು ಬಿಚ್ಚಿ, ಬೆಡ್‌ಶೀಟುಗಳನ್ನೆಲ್ಲ ಅದರೊಳಗೆ ತುಂಬಿದರು. ಸಲೂನಿನವನ ಸೊಂಟದಲ್ಲಿದ್ದುದನ್ನೂ ಬಿಡಲಿಲ್ಲ. ವ್ಯಾನು ಹೊರಟುಹೋಯಿತು. ಲಾಂಡ್ರಿಯಣ್ಣನ ಕೈಯಲ್ಲಿ ಸೋಪಿನ ಬಿಲ್ಲೆಯೊಂದು ಉಳಿಯಿತು. ಅದರ ಮೇಲಿನ ಕಾಗದ ಕೂಡ ಬಿಚ್ಚಿರಲಿಲ್ಲ.

ಅವನು ಮನೆ ಸೇರಿದಾಗ ಹೆಂಡತಿ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲೇ ನಿಂತಿದ್ದಳು. ಬೂದಿ ಅವರಿಬ್ಬರನ್ನೂ ಬಿಟ್ಟು, ಕೊರಳ ಹಗ್ಗವನ್ನು ಎಳೆದುಕೊಂಡೇ, ಮನೆಯನ್ನು ಸುತ್ತಿ ಹಿತ್ತಲ ಕಡೆ ಓಡಿಹೋಯಿತು.

“ಎಲ್ಲಿಗೆ ಹಾಳಾಗಿ ಹೋಗಿದ್ರಿ? ಬೆಟ್ಟದ ಮೇಲೆ ಬೂದಿ ಬೊಗಳೋದು ಕೇಳಿ ಹಿತ್ತಲಲ್ಲಿ ನಿಂತು ಕರೆದೂ ಕರೆದೂ ನನ್ನ ಗಂಟಲು ಹೋಯ್ತು. ಬೆಡ್‌ಶೀಟ್ ಎಲ್ಲಿ?”

“ಹೋದ್ವು,” ಎಂದ ಅವನು.

“ಹೋದ್ವು ಅಂದ್ರೆ? ಬೆಳಿಗ್ಗೆಯಿಂದ ಸೋಪಿನ ಪುಡಿ ಕಲಸಿಟ್ಕೊಂಡು ಕಾಯ್ತಾ ಇದೀನಿ ನಾನು. ಬನ್ನಿ ಇಲ್ಲಿ.”

ಅವಳು ಅವನ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಹಿಂದಿನ ಕೋಣೆಯ ಬಾಗಿಲ ಮುಂದೆ ನಿಂತಾಗ ಅವನು “ಚೇಳು...” ಎಂದು ಹಿಂಜರಿದ.

“ಚೇಳೂ ಇಲ್ಲ, ಗೀಳೂ ಇಲ್ಲ,” ಎಂದು ಅವಳು ಬಾಗಿಲು ತಳ್ಳಿದಳು.

ಕಲ್ಲುಚಪ್ಪಡಿಯ ನೆಲದ ಮೇಲೆ ಎರಡು ದೊಡ್ಡ ಡ್ರಮ್ಮುಗಳು. ಎರಡರಲ್ಲೂ ಅಂಚಿನವರೆಗೆ ನೀರು. ಲಾಂಡ್ರಿಯಣ್ಣ ಅಷ್ಟು ನೀರನ್ನು ಒಟ್ಟಿಗೆ ಕಂಡು ಎಷ್ಟು ಕಾಲವಾಗಿತ್ತೋ!

“ಒಂದೊಂದು ಚೊಂಬು ಉಳಿಸಿ ತುಂಬಿಸಿದೀನಿ ರೀ,” ಎಂದಳು ಅವಳು. “ನಿಮಗೆ ಸ್ನಾನಕ್ಕೆ ಕೊಡಲಿಲ್ಲ, ಟೀಗೆ ಕೊಡಲಿಲ್ಲ. ನಾನೂ ಕುಡೀಲಿಲ್ಲ. ಆಸ್ಪತ್ರೆ ಕೆಲಸ ಕೈಬಿಟ್ಟರೆ ನಾವು ಏನು ಮಾಡೋದು ಅಂತ. ನಿಮಗೆ ಹೇಳಿದ್ರೆ ಬೀದಿಗೆಲ್ಲ ಹಂಚಿಬಿಡ್ತೀರಿ ಅಂತ ಚೇಳಿನ ಕತೆ ಕಟ್ಟಿದೆ. ಇವತ್ತು ಬೆಳಿಗ್ಗೆ ಕೊನೆ ಕೊಡ ತಂದು ಸುರಿದು, ನಿಮ್ಮನ್ನ ಕರೆಯೋಣ ಅಂತ ಬಂದ್ರೆ ನೀವೂ ಇಲ್ಲ, ಗಂಟೂ ಇಲ್ಲ.”

ಒಂದು ಡ್ರಮ್ಮಿನ ನಲ್ಲಿಯಿಂದ ತೊಟ್ಟು ತೊಟ್ಟಾಗಿ ನೀರು ಜಿನುಗುತ್ತಿತ್ತು. ಅದರ ಕೆಳಗೆ ಅವಳು ಒಂದು ಗೋಣಿತಾಟು ಹಾಸಿದ್ದಳು. ಹಿತ್ತಲ ಬಾಗಿಲಿನ ಕೆಳಗಿನ ಹಲಗೆ ಮುರಿದಿತ್ತು. ಆ ಕಿಂಡಿಯಲ್ಲಿ ನುಸುಳಿ ಬಂದ ಬೂದಿ, ಒದ್ದೆ ತಾಟಿನ ಮೇಲೆ ಹೊಟ್ಟೆ ಅಂಟಿಸಿ, ನಾಲ್ಕು ಕಾಲನ್ನೂ ಚಾಚಿ, ಕಣ್ಣು ಮುಚ್ಚಿ ಮಲಗಿತ್ತು.

ಆಳವಿಲ್ಲದ ನೀರು. ಕಲ್ಲಿನ ಮೇಲಿನ ನೀರು. ಯಾರಿಗೂ ಗೊತ್ತಿಲ್ಲದ ನೀರು.

ಲಾಂಡ್ರಿಯಣ್ಣ ಹೊಸ್ತಿಲ ಮೇಲೆ ಕುಸಿದು ಕೂತು ಎಲ್ಲವನ್ನೂ ಹೇಳಿದ. ಅವಳು ನಿಂತು ಕೇಳಿದಳು. ವ್ಯಾನಿನ ಮಾತು ಬಂದಾಗ ಅವಳೂ ಅವನ ಪಕ್ಕದಲ್ಲಿ ಕೂತುಬಿಟ್ಟಳು.

ಆಗ ಅಂಗಡಿಯ ಕಡೆಯಿಂದ ಯಾರೋ ಕರೆದರು. ಲಾಂಡ್ರಿಯಣ್ಣ ಎದ್ದು ಹೋದ. ಸಲೂನಿನ ಗಿರಾಕಿ! ಒಂದು ಕೆನ್ನೆ ನುಣ್ಣಗೆ. ಇನ್ನೊಂದು ಕೆನ್ನೆಯ ಮೇಲೆ ಬೆಳಗಿನ ನೊರೆ ಒಣಗಿ ಸುಣ್ಣದ ಗೋಡೆಯಂತೆ ಬಿರುಕುಬಿಟ್ಟಿತ್ತು.

“ಸಲೂನಿನವನು ನಿಮ್ಮ ಜೊತೆ ಹೋದನಂತಲ್ಲ,” ಎಂದ ಆತ ಸಿಟ್ಟಿನಿಂದ. “ಈಗ ಬಂದೆ ಅಂದವನು ಎಲ್ಲಿ ಸತ್ತ? ಬೆಳಿಗ್ಗೆಯಿಂದ ಹೀಗೇ ಕೂತಿದೀನಿ.”

ಲಾಂಡ್ರಿಯಣ್ಣ ಉತ್ತರಿಸುವ ಮೊದಲೇ ಬೂದಿ ಎದ್ದು ಬಂತು. ಬಂದವರನ್ನು ಸ್ವಾಗತಿಸುವ ಅಭ್ಯಾಸ ಅದಕ್ಕೆ. ಗಿರಾಕಿಯ ಕಾಲ ಬಳಿ ನಿಂತು ತಲೆಯಿಂದ ಬಾಲದವರೆಗೆ ಮೈ ಜಾಡಿಸಿತು.

ಗಿರಾಕಿ ಕೆನ್ನೆ ಮುಟ್ಟಿಕೊಂಡ. ಒಣಗಿದ ನೊರೆ ಅಲ್ಲಲ್ಲಿ ಮೆತ್ತಗಾಗಿತ್ತು.

“ನೀರು!” ಎಂದು ಕೂಗಿದ. ಮತ್ತೆ ರಸ್ತೆಗೆ ಓಡಿ, ಇನ್ನೂ ಗಟ್ಟಿಯಾಗಿ, “ನೀರು!”

ಬೀದಿಗೆ ಅಷ್ಟು ಸಾಕಾಯಿತು. ಬಾಗಿಲುಗಳು ತೆರೆದವು, ಪಾತ್ರೆಗಳು ಸದ್ದು ಮಾಡಿದವು. ಸಲೂನಿನವನು ಬಕೆಟ್ ಹಿಡಿದು ಬಂದ. ಆಸ್ಪತ್ರೆಯಲ್ಲಿ ಮಲಗಿಸಲು ಬೆಡ್‌ಶೀಟಿಲ್ಲವೆಂದು ಮನೆಗೆ ಕಳಿಸಲಾದ ಅಕ್ಕ ಕುಂಟುತ್ತ, ಎರಡು ಕೊಡಗಳೊಂದಿಗೆ ಬಂದಳು. ಉಸಿರು ಮರಳಿದ್ದ ಮೇಷ್ಟ್ರು ಸೀಟಿ ಊದಿ ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸಿದರು. ಸಾಲಿನ ಮೊದಲಿಗೆ ಅರ್ಧ ಗಡ್ಡದವನು ಮಗ್ಗು ಹಿಡಿದು ನಿಂತ.

“ನಮಗೂ ಒಂದಿಷ್ಟು ಕೊಡ್ತೀಯಲ್ಲಪ್ಪಾ?” ಎಂದಳು ಅಕ್ಕ. “ಇನ್ನು ನಿನಗೆ ಒಗೆಯೋದಂತೂ ಏನೂ ಇಲ್ಲ.”

ಲಾಂಡ್ರಿಯಣ್ಣ ಹೆಂಡತಿಯ ಮುಖ ನೋಡಿದ. ಒಂದು ಸಲವಾದರೂ ‘ಇಲ್ಲ’ ಎನ್ನಬೇಕು, ಅವಳಿಗಾಗಿಯಾದರೂ, ಎಂದು ಬಾಯಿ ತೆರೆದ. ಮಾತು ಬರಲಿಲ್ಲ. ಅವಳು ಒಂದು ಗಳಿಗೆ ಕಾದಳು. ಆಮೇಲೆ ಡ್ರಮ್ಮಿನ ಪಕ್ಕ ಹೋಗಿ ಕೂತು ತಾನೇ ನಲ್ಲಿ ತಿರುಗಿಸಿದಳು.

ಸಾಲು ಕರಗಿದಾಗ ಡ್ರಮ್ಮುಗಳ ತ​ಳದಲ್ಲಿ ಒಂದಿಷ್ಟು ಉಳಿದಿತ್ತು. ಅವಳು ಅದನ್ನು ಬಗ್ಗಿಸಿ ಪಾತ್ರೆಗೆ ಹಿಡಿದು, ಒಲೆಯ ಮೇಲಿಟ್ಟಳು. ಖಾಲಿ ಅಂಗಡಿಯಲ್ಲಿ, ಗಂಟು ಕೂತಿದ್ದ ಜಾಗದಲ್ಲಿ, ಲಾಂಡ್ರಿಯಣ್ಣ ಗೋಡೆಗೆ ಒರಗಿ ಕೂತಿದ್ದ. ಅವಳು ಬಂದು ಅವನ ಮುಂದೆ ಟೀ ಇಟ್ಟಳು. ಇಡುವಾಗ ಸ್ವಲ್ಪ ಹೊರಗೆ ಚೆಲ್ಲಿತು.

ಲೋಟದ ತುಂಬ ಇತ್ತು.

“ಕುಡೀರಿ,” ಎಂದಳು. “ಇನ್ನು ಯಾವುದಕ್ಕೆ ಉಳಿಸೋದು?”